ಕ್ಲಾಸಿನ ಅರ್ಧ ಜನ ನಿಜಕ್ಕೂ ವೇಪ್ ಸೇದುತ್ತಾರಾ?

ಪ್ರಶ್ನೆ: ನನ್ನ ಮಗ ಈ ವರ್ಷ ಮೊದಲ ಪಿಯುಸಿಗೆ ಮಂಗಳೂರಿನಲ್ಲಿ ಹಾಸ್ಟೆಲ್ ಸೇರಿದ್ದಾನೆ. ದಸರಾ ರಜೆಗೆ ಬಂದಾಗ ಬಟ್ಟೆ ಒಗೆಯಲೆಂದು ಬ್ಯಾಗ್ ತೆಗೆದರೆ ಹೈಲೈಟರ್ ಪೆನ್ನಿನಂಥ ಒಂದು ವಸ್ತು ಸಿಕ್ಕಿತು, ಮಾವಿನಹಣ್ಣಿನ ವಾಸನೆ. ಕೇಳಿದರೆ, "ಅದು ಫ್ರೆಂಡಿಂದು. ಕ್ಲಾಸಲ್ಲಿ ಅರ್ಧ ಜನ ವೇಪ್ ಮಾಡ್ತಾರೆ, ಅದೇನು ಸಿಗರೇಟಲ್ಲ" ಅಂದ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನೂ ಅದನ್ನೇ ಸೇದುತ್ತಾನೆ, ಸಿಗರೇಟ್ ಬಿಟ್ಟಿದ್ದೇ ಅದರಿಂದ ಅನ್ನುತ್ತಾನೆ. ನಿಜಕ್ಕೂ ಇಷ್ಟೊಂದು ಜನ ಸೇದುತ್ತಾರಾ? ಯಾರು ಸೇದುತ್ತಾರೆ? ನಾನು ಗಾಬರಿಯಾಗಬೇಕಾ, ಬೇಡವಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಮಗನ ಕ್ಲಾಸನ್ನು ನಾನು ನೋಡಿಲ್ಲ. ಆದರೂ 'ಅರ್ಧ ಜನ' ಎಂಬ ಮಾತನ್ನು ಹಾಗೇ ನುಂಗಬೇಡಿ. ಶಾಲಾ ಮಕ್ಕಳಲ್ಲಿ ವೇಪಿಂಗ್, ಅಂದರೆ ಇ-ಸಿಗರೇಟ್ ಸೇದುವುದು, ಅತಿ ಜೋರಾಗಿ ಹಬ್ಬಿ ಸುದ್ದಿಯಾದ ದೇಶ ಅಮೆರಿಕ. ಅಲ್ಲಿನ ಅತ್ಯಂತ ಕೆಟ್ಟ ವರ್ಷ 2019. ಆ ವರ್ಷವೂ ಹೈಸ್ಕೂಲ್ ಮಕ್ಕಳಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗಿನವರಲ್ಲಿ, ಹಿಂದಿನ ಮೂವತ್ತು ದಿನಗಳಲ್ಲಿ ಒಮ್ಮೆಯಾದರೂ ಇ-ಸಿಗರೇಟ್ ಸೇದಿದವರು ಶೇ 27.5. ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿದ್ದ, ಜಾಹೀರಾತಿಗೆ ಕೋಟಿಗಟ್ಟಲೆ ಡಾಲರ್ ಸುರಿದಿದ್ದ ದೇಶದಲ್ಲೇ ನಾಲ್ವರಲ್ಲಿ ಒಬ್ಬರನ್ನು ಸ್ವಲ್ಪ ದಾಟಿತ್ತು, ಅರ್ಧಕ್ಕೆ ಹೋಗಿರಲಿಲ್ಲ. ಮಾರಾಟವೇ ನಿಷೇಧವಾಗಿರುವ ನಮ್ಮಲ್ಲಿ ಒಂದು ಇಡೀ ಕ್ಲಾಸಿನ ಅರ್ಧ ಜನ ಸೇದುತ್ತಾರೆಂಬುದು ನನಗೆ ನಂಬಿಕೆ ಬರುವ ಮಾತಲ್ಲ. ಅವನ ರೂಮಿನ, ಅವನ ಗುಂಪಿನ ಅರ್ಧ ಜನ ಇರಬಹುದು. ಆ ವಯಸ್ಸಿಗೆ ಗುಂಪೇ ಕ್ಲಾಸು.

ಈ ವಿಷಯದಲ್ಲಿ ಯಾರು ಯಾವ ಅಂಕಿ ಹೇಳಿದರೂ ಮೊದಲು ಕೇಳಬೇಕಾದದ್ದು: ಎಂದಾದರೂ ಒಮ್ಮೆ ಸೇದಿ ನೋಡಿದವರ ಲೆಕ್ಕವೋ, ಕಳೆದ ತಿಂಗಳು ಸೇದಿದವರದೋ, ದಿನವೂ ಸೇದುವವರದೋ? ಮೂರಕ್ಕೂ ಅಜಗಜಾಂತರ. ಬ್ರಿಟನ್ನಿನ 'ಆಶ್' ಎಂಬ ತಂಬಾಕು ವಿರೋಧಿ ಸಂಸ್ಥೆ ಪ್ರತಿ ವರ್ಷ 11ರಿಂದ 17 ವರ್ಷದ ಮಕ್ಕಳನ್ನು ಸಮೀಕ್ಷೆ ಮಾಡುತ್ತದೆ. 2025ರಲ್ಲಿ ಒಮ್ಮೆಯಾದರೂ ರುಚಿ ನೋಡಿದವರು ಶೇ 20, ಈಗಲೂ ಸೇದುತ್ತಿರುವವರು ಶೇ 7. ಇದೇ ಸಮೀಕ್ಷೆಯಿಂದ ಒಂದು ಪತ್ರಿಕೆ 'ಐವರಲ್ಲಿ ಒಬ್ಬ ಮಗುವಿಗೆ ವೇಪ್ ಚಟ' ಎಂದು ಬರೆಯಬಹುದು, ಇನ್ನೊಂದು 'ಹದಿನಾಲ್ಕರಲ್ಲಿ ಒಬ್ಬ' ಎನ್ನಬಹುದು. ಮೊದಲನೆಯದರಲ್ಲಿ 'ಚಟ' ಎಂಬ ಪದವೇ ತಪ್ಪು, ಅಂಕಿ ಮಾತ್ರ ನಿಜ. ಅಮೆರಿಕದ 2024ರ ಲೆಕ್ಕವನ್ನು ಬಿಡಿಸಿ ನೋಡಿದರೆ ಇನ್ನೂ ಸ್ಪಷ್ಟ. ಹೈಸ್ಕೂಲ್ ಮಕ್ಕಳಲ್ಲಿ ಹಿಂದಿನ ತಿಂಗಳು ಸೇದಿದವರು ಶೇ 7.8. ಹೀಗೆ ಸೇದುವ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲು ಭಾಗ ದಿನವೂ ಸೇದುವವರು. ನೂರು ಮಕ್ಕಳಿರುವ ಕಡೆ ಎಂಟು ಮಂದಿ, ಆ ಎಂಟರಲ್ಲಿ ಇಬ್ಬರು ನಿತ್ಯದವರು. ನನ್ನಂಥ ಸಮುದಾಯ ವೈದ್ಯರ ನಿದ್ದೆ ಕೆಡಿಸುವವರು ಆ ಇಬ್ಬರು. ಪತ್ರಿಕೆಯ ತಲೆಬರಹಕ್ಕೆ ಬೇಕಾಗುವುದು ರುಚಿ ನೋಡಿದವರೆಲ್ಲರ ಸಂಖ್ಯೆ.

ಅಮೆರಿಕದ ಕಥೆಯನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. 'ಯಾರು ಸೇದುತ್ತಾರೆ' ಎನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಇ-ಸಿಗರೇಟಿನ ಈಗಿನ ರೂಪವನ್ನು 2003ರ ಸುಮಾರಿಗೆ ಮಾಡಿದವರು ಚೀನಾದ ಹಾನ್ ಲಿಕ್ ಎಂಬ ಔಷಧ ತಜ್ಞ. ಬ್ಯಾಟರಿಯೊಂದು ಸಣ್ಣ ತಂತಿಯನ್ನು ಕಾಯಿಸುತ್ತದೆ, ನಿಕೋಟಿನ್ ಬೆರೆಸಿದ ದ್ರವ ಆವಿಯಾಗುತ್ತದೆ, ಅದನ್ನು ಎಳೆದುಕೊಳ್ಳುತ್ತಾರೆ. ಸುಡುವುದೇನೂ ಇಲ್ಲ, ಹಾಗಾಗಿ ಟಾರ್ ಇಲ್ಲ. ಸಿಗರೇಟ್ ಬಿಡಲಾಗದವರಿಗೆ ಇದು ದಾರಿಯಾಗಲಿ ಎಂಬುದು ಮೊದಲ ಮಾತಾಗಿತ್ತು. ಆರಂಭದ ಯಂತ್ರಗಳ ನಿಕೋಟಿನ್ ಗಂಟಲಿಗೆ ಘಾಟು ಹೊಡೆಯುತ್ತಿತ್ತು. ಸಿಗರೇಟಿಗೆ ಪಳಗಿದವರಿಗೆ ಅದು ಸಮಸ್ಯೆಯೇ ಅಲ್ಲ, ಆದರೆ ಹೊಸಬರು ಕೆಮ್ಮಿ ಕೈಬಿಡುತ್ತಿದ್ದರು. 2015ರಲ್ಲಿ ಜೂಲ್ ಎಂಬ ಅಮೆರಿಕದ ಇ-ಸಿಗರೇಟ್ ಬಂದು ಅದೂ ತಪ್ಪಿತು. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ಲವಣವಾಗಿಸಿದರೆ ಘಾಟು ಇಳಿಯುತ್ತದೆ, ಎಷ್ಟು ಪ್ರಬಲವಾಗಿದ್ದರೂ ಗಂಟಲಿನೊಳಗೆ ಬೆಣ್ಣೆಯಂತೆ ಇಳಿಯುತ್ತದೆ. ನೋಡಲು ಪೆನ್‌ಡ್ರೈವ್, ರುಚಿಯಲ್ಲಿ ಮಾವು, ಪುದೀನ. ಹದಿನಾರರ ಹುಡುಗನಿಗೆ ಇನ್ನೇನು ಬೇಕು?

ಹೈಸ್ಕೂಲ್ ಮಕ್ಕಳಲ್ಲಿ ಇ-ಸಿಗರೇಟ್ ಬಳಕೆ 2011ರಲ್ಲಿ ಶೇ 1.5 ಇತ್ತು, 2017ರಲ್ಲಿ 11.7, ಒಂದೇ ವರ್ಷದಲ್ಲಿ, 2018ಕ್ಕೆ, 20.8. ಆ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರದ ಉನ್ನತ ವೈದ್ಯಾಧಿಕಾರಿ ಸರ್ಜನ್ ಜನರಲ್ ಇದನ್ನು ಸಾಂಕ್ರಾಮಿಕ ಎಂದೇ ಕರೆದು ಎಚ್ಚರಿಕೆ ಹೊರಡಿಸಿದರು. ಅದೇ ತಿಂಗಳು ಮಾರ್ಲ್‌ಬರೊ ಸಿಗರೇಟಿನ ಒಡೆಯರಾದ ಆಲ್ಟ್ರಿಯಾ ಕಂಪನಿ 1280 ಕೋಟಿ ಡಾಲರ್ ಕೊಟ್ಟು ಜೂಲ್‌ನ ಶೇ 35 ಪಾಲು ಕೊಂಡಿತು. ಸಿಗರೇಟನ್ನು ಮುಗಿಸಲು ಹುಟ್ಟಿದ್ದೇವೆ ಎನ್ನುತ್ತಿದ್ದ ಕಂಪನಿಗೆ ಸಿಗರೇಟಿನವರೇ ಪಾಲುದಾರರು! ಮರುವರ್ಷ, 2019ರಲ್ಲಿ, ಮೊದಲೇ ಹೇಳಿದ 27.5. ಆಮೇಲೆ ಇಳಿಮುಖ. 2020ರಲ್ಲಿ 19.6, 2022ರಲ್ಲಿ 14.1, 2023ರಲ್ಲಿ 10.0, 2024ರಲ್ಲಿ 7.8. (2021ರ ಸಮೀಕ್ಷೆಗೆ ಬಹಳಷ್ಟು ಮಕ್ಕಳು ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಉತ್ತರಿಸಿದ್ದರಿಂದ ಅದನ್ನು ಈ ಸಾಲಿಗೆ ಸೇರಿಸುವುದು ಸರಿಯಲ್ಲ.) ಖರೀದಿಯ ವಯಸ್ಸು 21ಕ್ಕೆ ಏರಿತು, ದ್ರವ ತುಂಬಿದ ಪುಟ್ಟ ಡಬ್ಬಿಗಳಾದ ಪಾಡ್‌ಗಳ ಹಣ್ಣಿನ ರುಚಿಗಳಿಗೆ ತಡೆ ಬಿತ್ತು, ಮೊಕದ್ದಮೆಗಳಾದವು, ಫ್ಯಾಶನ್ನೂ ಹಳೆಯದಾಯಿತು. ಯಾವುದರ ಪಾಲೆಷ್ಟು ಎಂಬ ಬಗ್ಗೆ ಇಂದಿಗೂ ವಾದವಿದೆ. ಉಳಿದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಸೇದುವುದು ಹಣ್ಣು, ಮಿಠಾಯಿ, ಪುದೀನದ ರುಚಿಗಳನ್ನೇ. ಜೂಲ್ ಹೋದ ಜಾಗಕ್ಕೆ ಎಲ್ಫ್ ಬಾರ್‌ನಂಥ ಚೀನಾದ ಬಳಸಿ ಬಿಸಾಡುವ ವೇಪ್‌ಗಳು ಬಂದು ಕೂತವು.

ಆದರೆ ಆ ಮಕ್ಕಳು ಎಲ್ಲಿ ಹೋದರು? ಅಮೆರಿಕದ ವಯಸ್ಕರಲ್ಲಿ ಇ-ಸಿಗರೇಟ್ ಬಳಸುವವರು 2019ರಲ್ಲಿ ಶೇ 4.5 ಇದ್ದದ್ದು 2023ಕ್ಕೆ ಶೇ 6.5 ಆಯಿತು. ಎಲ್ಲರಿಗಿಂತ ಹೆಚ್ಚು ಸೇದುವವರು 21ರಿಂದ 24ರ ವಯಸ್ಸಿನವರು, ಶೇ 15.5. ಜೂಲ್ ಉಚ್ಛ್ರಾಯದಲ್ಲಿದ್ದಾಗ ಹದಿನೇಳರಿಂದ ಇಪ್ಪತ್ತರ ಒಳಗಿದ್ದವರು ಇವರೇ. ಶಾಲೆಯ ಅಂಕಿ ಇಳಿದಾಗ ಸಂಭ್ರಮಿಸುವವರು ಈ ಸಾಲನ್ನೂ ಓದಬೇಕು. ಮಕ್ಕಳ ಸಮೀಕ್ಷೆಯಿಂದ ಅವರು ಆಚೆ ಬಂದಿದ್ದಾರೆ, ನಿಕೋಟಿನ್‌ನಿಂದ ಎಷ್ಟೋ ಮಂದಿ ಆಚೆ ಬಂದಿಲ್ಲ.

ಈಗ ನಿಮ್ಮ ತಮ್ಮನ ವಿಷಯ. ಅವರ ದೇಶದಲ್ಲಿ ಅವರು ಮಾಮೂಲಿ ಮನುಷ್ಯರೇ. ಗ್ರೇಟ್ ಬ್ರಿಟನ್ನಿನಲ್ಲಿ 2012ರಲ್ಲಿ ಏಳು ಲಕ್ಷ ವಯಸ್ಕರು ವೇಪ್ ಸೇದುತ್ತಿದ್ದರು, 2024ರಲ್ಲಿ 56 ಲಕ್ಷ. ಸರ್ಕಾರಿ ಅಂಕಿಅಂಶ ಇಲಾಖೆಯ 2024ರ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ವೇಪ್ ಸಿಗರೇಟನ್ನು ಹಿಂದೆ ಹಾಕಿತು: 16 ದಾಟಿದವರಲ್ಲಿ ವೇಪ್ ಸೇದುವವರು ಶೇ 10.0, ಸಿಗರೇಟ್ ಸೇದುವವರು ಶೇ 9.1. ಆಶ್ ಸಂಸ್ಥೆಯ 2024ರ ಲೆಕ್ಕದಂತೆ, ವೇಪ್ ಸೇದುವ ವಯಸ್ಕರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಸಿಗರೇಟ್ ಬಿಟ್ಟವರು. ಸುಮಾರು ಶೇ 39 ಮಂದಿ ಅದನ್ನೂ ಇದನ್ನೂ ಸೇದುವವರು. ಎಂದೂ ಸಿಗರೇಟ್ ಮುಟ್ಟದವರು ಶೇ 8 ಮಾತ್ರ.

ಈ ಶೇ 39 ಅನ್ನು ನೀವು ಗಮನಿಸಬೇಕು. ಸಿಗರೇಟನ್ನು ಪೂರ್ತಿ ಬಿಟ್ಟು ವೇಪ್‌ಗೆ ಹೋದವರಿಗೆ ಆಗುವ ಲಾಭ ಎರಡೂ ಸೇದುವವರಿಗೆ ಆಗುವುದಿಲ್ಲ. ತಮ್ಮನನ್ನು ಕೇಳಿ: ಪೂರ್ತಿ ಬಿಟ್ಟಿದ್ದಾರಾ, ಇಲ್ಲ ಪಾರ್ಟಿಯಲ್ಲಿ ಒಂದೊಂದು ಸೇದುತ್ತಾರಾ? ಪೂರ್ತಿ ಬಿಟ್ಟಿದ್ದರೆ ಅವರ ಮಾತು ಸರಿ. ನಿಕೋಟಿನ್ ಇರುವ ಇ-ಸಿಗರೇಟ್‌ಗಳು ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳಿಗಿಂತ ಹೆಚ್ಚು ಜನರಿಗೆ ಸಿಗರೇಟ್ ಬಿಡಿಸಲು ನೆರವಾಗುತ್ತವೆ ಎಂದು ವೈದ್ಯಲೋಕ ನಂಬಿ ನೋಡುವ ಕಾಕ್ರೇನ್ ಪರಾಮರ್ಶೆ ಹೇಳಿದೆ. 2023ರಲ್ಲಿ ಇಂಗ್ಲೆಂಡಿನ ಸರ್ಕಾರವೇ ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕಿಟ್ ಕೊಡುವ ಯೋಜನೆ ಘೋಷಿಸಿತು. ನಮ್ಮಲ್ಲಿ ಇದನ್ನು ಹೇಳಲು ಕೆಲವು ವೈದ್ಯಮಿತ್ರರು ಹಿಂಜರಿಯುತ್ತಾರೆ, ಹೇಳಿದರೆ ಹುಡುಗರಿಗೆ ಪರವಾನಗಿ ಕೊಟ್ಟಂತಾಗುತ್ತದೆ ಎಂಬ ಭಯ. ಮುಚ್ಚಿಟ್ಟರೆ ಹುಡುಗರು ಫೋನಿನಲ್ಲಿ ಹುಡುಕಿ ಓದುತ್ತಾರೆ, ಆಮೇಲೆ ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಹಾಗೆಂದು ಮಾವನ ಲೆಕ್ಕ ಅಳಿಯನಿಗೆ ಒಗ್ಗುವುದಿಲ್ಲ. ಮಾವ ಇಪ್ಪತ್ತು ಸಿಗರೇಟಿನ ಜಾಗಕ್ಕೆ ವೇಪ್ ತಂದುಕೊಂಡರು. ಅಳಿಯ ಖಾಲಿ ಜಾಗಕ್ಕೆ ತಂದುಕೊಳ್ಳುತ್ತಿದ್ದಾನೆ. ಬ್ರಿಟನ್ನಿನಲ್ಲೂ ಈ ಎರಡನೇ ಬಗೆಯವರು ಹೆಚ್ಚಿದ್ದು ಬಳಸಿ ಬಿಸಾಡುವ ಬಣ್ಣಬಣ್ಣದ ವೇಪ್ ಬಂದ ಮೇಲೆ. ವೇಪ್ ಸೇದುವ ಮಕ್ಕಳಲ್ಲಿ ಅಂಥದ್ದನ್ನು ಹೆಚ್ಚಾಗಿ ಬಳಸುವವರು 2021ರಲ್ಲಿ ಶೇ 7.7 ಇದ್ದರು, ಮರುವರ್ಷ ಶೇ 52, ಅದರ ಮರುವರ್ಷ ಶೇ 69. ಹೆಣ್ಣುಮಕ್ಕಳು ಇದರಲ್ಲಿ ಹಿಂದೆ ಬಿದ್ದಿಲ್ಲ. 16ರಿಂದ 24 ವರ್ಷದ ಬ್ರಿಟಿಷ್ ಯುವತಿಯರಲ್ಲಿ ದಿನವೂ ವೇಪ್ ಸೇದುವವರು 2021ರಲ್ಲಿ ಶೇ 1.9, 2022ರಲ್ಲಿ ಶೇ 6.7. ನಮ್ಮ ಕಡೆ ಸಿಗರೇಟ್ ಎಂದರೆ ಗಂಡಸರ ಚಟ ಎಂದು ಕೂತಿರುವವರು ಇದನ್ನು ನೋಡಬೇಕು. ವಾಸನೆ ಅಂಟುವುದಿಲ್ಲ, ಕೈಚೀಲದಲ್ಲಿ ಲಿಪ್‌ಸ್ಟಿಕ್ಕಿನ ಪಕ್ಕ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ 2025ರ ಜೂನ್ 1ರಿಂದ ಬ್ರಿಟನ್ ಬಿಸಾಡುವ ವೇಪ್‌ಗಳ ಮಾರಾಟ ನಿಲ್ಲಿಸಿತು.

ಆಸ್ಟ್ರೇಲಿಯಾದಲ್ಲಿ 14 ದಾಟಿದವರ ಬಳಕೆ 2019ರ ಶೇ 2.5ರಿಂದ 2022–23ರಲ್ಲಿ ಶೇ 7ಕ್ಕೆ ಏರಿತು, 18ರಿಂದ 24ರವರಲ್ಲಿ ಶೇ 5.3ರಿಂದ 21ಕ್ಕೆ. 2024ರ ಜುಲೈನಿಂದ ಅಲ್ಲಿ ಔಷಧದಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಮಾರುವಂತಿಲ್ಲ. ನ್ಯೂಜಿಲೆಂಡಿನಲ್ಲಿ ದಿನವೂ ವೇಪ್ ಸೇದುವ ವಯಸ್ಕರು ಶೇ 11ರಷ್ಟು, ದಿನವೂ ಸಿಗರೇಟ್ ಸೇದುವವರು ಶೇ 7ರಷ್ಟು. ಇಡೀ ಜಗತ್ತಿನ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಕೊಟ್ಟಿತು: ಹತ್ತು ಕೋಟಿಗೂ ಹೆಚ್ಚು ಜನ. ಅವರಲ್ಲಿ ಕನಿಷ್ಠ 8.6 ಕೋಟಿ ವಯಸ್ಕರು, ಬಹುಪಾಲು ಶ್ರೀಮಂತ ದೇಶಗಳವರು. 13ರಿಂದ 15 ವರ್ಷದ ಮಕ್ಕಳು ಕನಿಷ್ಠ ಒಂದೂವರೆ ಕೋಟಿ. ಅಂಕಿ ಸಿಗುವ ದೇಶಗಳಲ್ಲಿ ದೊಡ್ಡವರಿಗಿಂತ ಮಕ್ಕಳು ವೇಪ್ ಸೇದುವ ಸಾಧ್ಯತೆ ಸರಾಸರಿ ಒಂಬತ್ತು ಪಟ್ಟು ಹೆಚ್ಚು ಎಂದೂ ಹೇಳಿತು. ಹೋಲಿಸಿ ನೋಡಲು ಇದನ್ನೂ ಇಟ್ಟುಕೊಳ್ಳಿ, ಜಗತ್ತಿನಲ್ಲಿ ತಂಬಾಕು ಬಳಸುವವರು ಇನ್ನೂ 120 ಕೋಟಿ.

ಭಾರತಕ್ಕೆ ಬರೋಣ. ಇಲ್ಲಿ ಅಂಕಿ ಬಡವಾಗುತ್ತದೆ.

ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆ 2016–17ರಲ್ಲಿ ನಡೆಯಿತು. 15 ದಾಟಿದ 74,037 ಜನರನ್ನು ಮನೆಮನೆಗೆ ಹೋಗಿ ಕೇಳಿದರು. ಇ-ಸಿಗರೇಟ್ ಎಂಬುದರ ಹೆಸರು ಕೇಳಿದವರೇ ಶೇ 3. ಬಳಸುತ್ತಿದ್ದವರು ಶೇ 0.02. ಮಾತಾಡಿಸಿದ ಅಷ್ಟೂ ಜನರಲ್ಲಿ ಹದಿನೈದಿಪ್ಪತ್ತು ಮಂದಿಯ ಮಾತು ಅದು. ಅಷ್ಟು ಕಡಿಮೆ ಜನರನ್ನು ಹಿಡಿದು ಹಳ್ಳಿಯವರೆಷ್ಟು, ಪೇಟೆಯವರೆಷ್ಟು, ಗಂಡಸರೆಷ್ಟು ಎಂದು ಭಾಗ ಮಾಡುವುದರಲ್ಲಿ ಅರ್ಥವಿಲ್ಲ. 2019ರಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳ ಸಮೀಕ್ಷೆಯಾಯಿತು. ಅದರಲ್ಲಿ ಇ-ಸಿಗರೇಟ್ ಬಗ್ಗೆ ಕೇಳಿ ಬಲ್ಲವರು ಶೇ 28.4, ಎಂದಾದರೂ ಒಮ್ಮೆ ಸೇದಿ ನೋಡಿದವರು ಶೇ 2.8. ಎರಡು ಸಮೀಕ್ಷೆಗಳ ನಡುವೆ ಕಾಲ ಬದಲಾದದ್ದೂ ಇದೆ, ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಗೊತ್ತಿದ್ದದ್ದೂ ಇದೆ.

ಈ ಎರಡು ಸಮೀಕ್ಷೆಗಳ ಬಲೆಯಿಂದ ಯಾರು ನುಸುಳಿ ಹೋಗುತ್ತಾರೆ ನೋಡಿ. ಶಾಲೆಯ ಸಮೀಕ್ಷೆ ಹದಿನೈದಕ್ಕೆ ನಿಲ್ಲುತ್ತದೆ. ವಯಸ್ಕರ ಸಮೀಕ್ಷೆ ಹದಿನೈದಕ್ಕೆ ಶುರುವಾಗುತ್ತದೆ ನಿಜ, ಆದರೆ ಅದು ಮನೆಗಳಿಗೆ ಹೋಗುತ್ತದೆಯೇ ಹೊರತು ಹಾಸ್ಟೆಲುಗಳಿಗೆ ಹೋಗುವುದಿಲ್ಲ. ಹದಿನಾರರಿಂದ ಇಪ್ಪತ್ತೆರಡರವರೆಗಿನ, ಊರು ಬಿಟ್ಟು ಹಾಸ್ಟೆಲಿನಲ್ಲಿ ಇರುವ ಹುಡುಗ ಹುಡುಗಿಯರು ಎರಡರ ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ. ಹೊರದೇಶಗಳ ಅನುಭವ ನೋಡಿದರೆ ಈ ಚಟ ಅತಿ ಹೆಚ್ಚು ಹಿಡಿಯುವುದು ಅದೇ ವಯಸ್ಸಿಗೆ. ಮನೆಯಲ್ಲೇ ಇದ್ದರೂ ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲಿರುವಾಗ, ನಿಷೇಧವಾಗಿರುವ ವಸ್ತುವಿನ ಬಗ್ಗೆ ಅಪರಿಚಿತರು ಕೇಳಿದರೆ ಯಾರು ಹೌದೆನ್ನುತ್ತಾರೆ? ಇದಕ್ಕೆ ತದ್ವಿರುದ್ಧ ತಪ್ಪು ಆನ್‌ಲೈನ್ ಸಮೀಕ್ಷೆಗಳದು. ಸ್ಮಾರ್ಟ್‌ಫೋನ್ ಇರುವ, ವಿಷಯದಲ್ಲಿ ಆಸಕ್ತಿಯಿರುವ ನಗರದ ಯುವಕರೇ ಉತ್ತರಿಸುತ್ತಾರೆ, ಅಂಕಿ ಹತ್ತಾರು ಪಟ್ಟು ಉಬ್ಬಿ ಬರುತ್ತದೆ. 'ಭಾರತದ ಯುವಜನರಲ್ಲಿ ಇಷ್ಟು ಶೇಕಡಾ' ಎಂದು ವಾಟ್ಸಾಪಿನಲ್ಲಿ ಬಂದರೆ, ಯಾರನ್ನು ಹೇಗೆ ಕೇಳಿದರು ಎಂಬುದು ಅದರಲ್ಲಿ ಇಲ್ಲದಿದ್ದರೆ, ಮುಂದೆ ಕಳಿಸಬೇಡಿ.

ನಿಷೇಧದ ವಿಷಯ ಎರಡು ಮಾತಿನಲ್ಲಿ. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟ್ ಮಾರಾಟ ನಿಲ್ಲಿಸಿತ್ತು. ಕೇಂದ್ರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟರೆ ಆರು ತಿಂಗಳು ಅಥವಾ ಐವತ್ತು ಸಾವಿರದವರೆಗೆ. ಸೇದುವುದನ್ನು ಮಾತ್ರ ಕಾಯ್ದೆ ಬೇರೆ ಅಪರಾಧವೆಂದು ಹೆಸರಿಸಿಲ್ಲ. ಸಿಗರೇಟನ್ನು ಗೂಡಂಗಡಿಯಲ್ಲಿ ಬಿಟ್ಟು ಇದನ್ನು ಮಾತ್ರ ನಿಲ್ಲಿಸಿದ್ದು ಯಾವ ನ್ಯಾಯ ಎಂದು ಆಗ ಕೇಳಿದವರಿದ್ದರು. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಇಲ್ಲದ ಚಟವೊಂದು ಶಾಲೆಗೆ ಬರುವ ಮುಂಚೆ ಬಾಗಿಲು ಹಾಕಿದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರೆ ನಮ್ಮ ಅಂಕಿಯೂ ಆಸ್ಟ್ರೇಲಿಯಾದ ದಾರಿ ಹಿಡಿಯುತ್ತಿತ್ತು.

ಬಾಗಿಲು ಹಾಕಿದರೂ ಕಿಟಕಿಯಿಂದ ಬರುತ್ತಿದೆ. ಜಗತ್ತಿನ ಬಹುಪಾಲು ವೇಪ್‌ಗಳು ತಯಾರಾಗುವುದು ಚೀನಾದ ಶೆನ್‌ಜೆನ್ ನಗರದಲ್ಲಿ. ಬೇರೆ ಸರಕಿನ ಹೆಸರಿನಲ್ಲಿ ಬಂದದ್ದನ್ನು ನಮ್ಮ ಕಸ್ಟಮ್ಸ್‌ನವರು ಬಂದರು, ವಿಮಾನ ನಿಲ್ದಾಣಗಳಲ್ಲಿ ಹಿಡಿಯುತ್ತಲೇ ಇರುತ್ತಾರೆ. ಸಿಕ್ಕಿದ್ದು ಸುದ್ದಿಯಾಗುತ್ತದೆ, ಸಿಗದ್ದು ಇನ್‌ಸ್ಟಾಗ್ರಾಂ ಮೆಸೇಜಿನಲ್ಲಿ, ಟೆಲಿಗ್ರಾಂ ಗುಂಪಿನಲ್ಲಿ, ಪಾನ್ ಅಂಗಡಿಯ ಮೇಜಿನ ಕೆಳಗೆ ಕೈ ಬದಲಾಗುತ್ತದೆ. ಒಂದಕ್ಕೆ ನೂರಾರು ರೂಪಾಯಿಯಿಂದ ಸಾವಿರ ದಾಟುವವರೆಗೆ ಬೆಲೆ. ನಮ್ಮಲ್ಲಿ ಸೇದುವವರು ಯಾರೆಂದು ಈ ಬೆಲೆಯೇ ಅಂದಾಜು ಕೊಡುತ್ತದೆ. ಕೂಲಿಗೆ ಹೋಗುವವನ ಕೈಯಲ್ಲಿ ಇದು ಇರುವುದಿಲ್ಲ, ಅವನಿಗೆ ಬೀಡಿ ಇದೆ, ಹೊಗೆಸೊಪ್ಪಿದೆ. ವೇಪ್ ಇರುವುದು ಪಾಕೆಟ್ ಮನಿ ಇರುವ ಕಾಲೇಜು ಮಕ್ಕಳಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿರುವ ಐಟಿ, ಕಾಲ್ ಸೆಂಟರ್ ಯುವಕರಲ್ಲಿ, ಪಬ್‌ಗೆ ಹೋಗುವವರಲ್ಲಿ, ಹೊರದೇಶದಿಂದ ಬಂದು ಹೋಗುವವರಲ್ಲಿ. ಇದು ಸಮೀಕ್ಷೆಯ ಮಾತಲ್ಲ, ಚಟ ಬಿಡಲೆಂದು ಬರುವವರನ್ನು ಕಂಡು ಹೇಳುವ ಮಾತು, ಅಷ್ಟೇ ತೂಕ ಕೊಡಿ.

ಕರ್ನಾಟಕದ ಅಪ್ಪ ಅಮ್ಮಂದಿರಿಗೆ ಇನ್ನೊಂದು ಲೆಕ್ಕ. 2016–17ರ ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ವಯಸ್ಕರಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವವರು ಶೇ 22.8. ಸೇದುವವರಿಗಿಂತ ಅಗಿಯುವವರೇ ಹೆಚ್ಚು, ಶೇ 16ರಷ್ಟು. ಶಾಲಾ ಮಕ್ಕಳಲ್ಲಿ ಮಾತ್ರ ನಮ್ಮದು ಒಳ್ಳೆಯ ಹೆಸರು. 2019ರಲ್ಲಿ ಮಿಜೋರಾಂ, ಅರುಣಾಚಲದಲ್ಲಿ ಶೇ 58ರಷ್ಟು ಮಕ್ಕಳು ತಂಬಾಕು ಬಳಸುತ್ತಿದ್ದರೆ ಕರ್ನಾಟಕದಲ್ಲಿ ಶೇ 1.2, ದೇಶದಲ್ಲೇ ಅತಿ ಕಡಿಮೆಯವರ ಸಾಲಿನಲ್ಲಿ. ಆ ಮಕ್ಕಳು ದೊಡ್ಡವರಾಗುವ ದಾರಿಯಲ್ಲಿ ಎಲ್ಲೋ ಅಂಕಿ ಏರುತ್ತದೆ, ಅಂದರೆ ಪಿಯುಸಿ, ಡಿಗ್ರಿ, ಮೊದಲ ಕೆಲಸದ ವರ್ಷಗಳೇ ನಾವು ಕಾಯಬೇಕಾದವು. ವೇಪ್ ಬಗ್ಗೆ ಕಾಲೇಜಿನಲ್ಲಿ ಮಾತಾಡಿ ಎಂದು ಕರೆಯುವವರು ನನಗೆ ಈಚೆಗೆ ಹೆಚ್ಚಾಗಿದ್ದಾರೆ. ಹೋಗುತ್ತೇನೆ. ಗೇಟಿನೆದುರು ಪಾನ್ ಮಸಾಲಾ ಒಂದು ಚೀಟಿ, ಜರ್ದಾ ಇನ್ನೊಂದು ಚೀಟಿ ತೂಗುತ್ತಿರುತ್ತವೆ. ಗುಟ್ಕಾ ನಿಷೇಧವಾಗಿ 2013ರಿಂದ ಹೀಗೇ. ಎರಡನ್ನೂ ಬಾಯಲ್ಲಿ ಬೆರೆಸಿಕೊಂಡರೆ ಗುಟ್ಕಾನೇ. ಅದರ ಬಗ್ಗೆ ಮಾತಾಡಿ ಎಂದು ಯಾರೂ ಕರೆಯುವುದಿಲ್ಲ.

ಗಾಬರಿಯಾಗಬೇಕೇ ಎಂದು ಕೇಳಿದ್ದೀರಿ. ಗಾಬರಿ ಬೇಡ, ಆದರೆ 'ಸಿಗರೇಟಲ್ಲವಲ್ಲ' ಎಂದು ಬಿಟ್ಟುಬಿಡುವಂಥದ್ದೂ ಅಲ್ಲ. ಒಂದು ಸಿಗರೇಟಿನಿಂದ ಮೈಗೆ ಸೇರುವ ನಿಕೋಟಿನ್ ಸುಮಾರು ಒಂದರಿಂದ ಒಂದೂವರೆ ಮಿಲಿಗ್ರಾಂ. ಬ್ರಿಟನ್ನಿನಲ್ಲಿ ಕಾನೂನು ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಬಿಡುವುದಿಲ್ಲ, ಒಂದು ತುಂಬುವಿಗೆ ಎರಡು ಮಿಲಿಲೀಟರ್ ಮಾತ್ರ. ಒಟ್ಟು 40 ಮಿಲಿಗ್ರಾಂ. ನಮ್ಮ ಕಳ್ಳಪೇಟೆಯಲ್ಲಿ ಸಿಗುವ 'ಐದು ಸಾವಿರ ಪಫ್' ಎಂಬ ದಪ್ಪ ವೇಪ್‌ಗಳಲ್ಲಿ ಹತ್ತು ಮಿಲಿಲೀಟರ್ ದ್ರವ ಶೇ 5ರ ಗಾಢತೆಯಲ್ಲಿದ್ದರೆ ಒಳಗಿರುವುದು 500 ಮಿಲಿಗ್ರಾಂ. ಎಲ್ಲವೂ ಮೈಗೆ ಸೇರುವುದಿಲ್ಲ, ಆದರೂ ಅಂದಾಜಾಯಿತಲ್ಲ. ಸಿಗರೇಟಿಗೆ ಒಂದು ಕೊನೆ ಇದೆ, ಬೆರಳು ಸುಡುತ್ತದೆ, ಹೊಸತು ಹಚ್ಚಬೇಕು. ಇದಕ್ಕೆ ಅಂಥ ಕೊನೆ ಇಲ್ಲ, ಓದುತ್ತಾ, ಗೇಮ್ ಆಡುತ್ತಾ, ಹೊದಿಕೆಯೊಳಗೆ ಮಲಗಿಯೂ ಎಳೆಯುತ್ತಲೇ ಇರಬಹುದು. ಇಪ್ಪತ್ತೈದರವರೆಗೂ ಬೆಳೆಯುವ ಮಿದುಳಿಗೆ ನಿಕೋಟಿನ್ ಬಲು ಬೇಗ ಅಂಟಿಕೊಳ್ಳುತ್ತದೆ.

ಇನ್ನೊಂದು, ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ. ಅಮೆರಿಕದಲ್ಲಿ 2019–20ರಲ್ಲಿ ವೇಪಿಂಗ್‌ನಿಂದ ಶ್ವಾಸಕೋಶ ಹಾಳಾಗಿ 2,807 ಜನ ಆಸ್ಪತ್ರೆ ಸೇರಿದರು, 68 ಮಂದಿ ತೀರಿಕೊಂಡರು. ಅದಕ್ಕೆ ಮುಖ್ಯ ಕಾರಣ ಗಾಂಜಾದ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಇರುವ ಕಳ್ಳಪೇಟೆಯ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್, ಅಂಗಡಿಯ ಮಾಮೂಲಿ ನಿಕೋಟಿನ್ ವೇಪ್ ಅಲ್ಲ. ವೇಪ್ ಪರ ಇರುವವರು ಇದನ್ನು ಒತ್ತಿ ಹೇಳುತ್ತಾರೆ, ಸರಿಯೇ. ಆದರೆ ನಮ್ಮ ದೇಶದಲ್ಲಿ ಸಿಗುವುದೆಲ್ಲ ಕಳ್ಳಪೇಟೆಯದೇ. ಸಿಂಗಪುರದಲ್ಲಿ ವೇಪ್ ಪಾಡ್‌ಗಳಲ್ಲಿ ಎಟೊಮಿಡೇಟ್ ಎಂಬ ಅರಿವಳಿಕೆ ಔಷಧವೇ ಸಿಕ್ಕಿ, 2025ರ ಸೆಪ್ಟೆಂಬರಿನಿಂದ ಅದನ್ನು ಮಾದಕ ವಸ್ತುಗಳ ಪಟ್ಟಿಗೆ ಸೇರಿಸಬೇಕಾಯಿತು.

ಇದರಿಂದ ನೇರ ಸಿಗರೇಟಿಗೆ ಹೋಗುತ್ತಾನಾ ಎಂಬ ಚಿಂತೆಯೂ ನಿಮಗಿರಬಹುದು. ವೇಪ್ ಸೇದುವ ಮಕ್ಕಳು ಮುಂದೆ ಸಿಗರೇಟ್ ಹಿಡಿಯುವ ಸಂಭವ ಹೆಚ್ಚು ಎಂದು ಎಷ್ಟೋ ಅಧ್ಯಯನಗಳು ಹೇಳುತ್ತವೆ. ಅದು ವೇಪ್‌ನಿಂದಲೇ ಆದದ್ದೋ, ಎರಡಕ್ಕೂ ಕೈ ಹಾಕುವ ಸ್ವಭಾವದ ಮಕ್ಕಳೇ ಅವರೋ ಎಂಬುದು ಬಗೆಹರಿದಿಲ್ಲ. ಅಮೆರಿಕದಲ್ಲಿ ವೇಪ್ ಏರಿದ ವರ್ಷಗಳಲ್ಲೂ ಮಕ್ಕಳ ಸಿಗರೇಟ್ ಇಳಿಯುತ್ತಲೇ ಹೋಗಿ 2024ರಲ್ಲಿ ಶೇ 1.4ಕ್ಕೆ ಬಂತು. ಹಾಗಾಗಿ 'ನಾಳೆ ಸಿಗರೇಟ್, ನಾಡಿದ್ದು ಗಾಂಜಾ' ಎಂದು ಅವನ ಮುಂದೆ ಹೇಳಬೇಡಿ, ಅವನು ನಗುತ್ತಾನೆ.

ಅವನೊಂದಿಗೆ ಮಾತಾಡುವಾಗ ಆ 'ಅರ್ಧ ಜನ'ದಿಂದಲೇ ಶುರುಮಾಡಿ. ಹದಿಹರೆಯದವರು ತಮ್ಮ ಓರಗೆಯವರ ಕುಡಿತ, ಸಿಗರೇಟನ್ನು ಇರುವುದಕ್ಕಿಂತ ಬಹಳ ಹೆಚ್ಚೆಂದು ಎಣಿಸುತ್ತಾರೆ, ಹಾಗೆ ಎಣಿಸುವವರೇ ತಾವೂ ಶುರುಮಾಡುವ ಸಾಧ್ಯತೆ ಹೆಚ್ಚು. ಇದು ಹಳೆಯ, ಮತ್ತೆ ಮತ್ತೆ ಸಾಬೀತಾದ ಸಂಗತಿ. ಸೇದುವ ನಾಲ್ಕು ಜನ ಎದ್ದು ಕಾಣುತ್ತಾರೆ, ಸೇದದ ನಲವತ್ತು ಜನ ಕಾಣುವುದೇ ಇಲ್ಲ. "ಹೆಸರು ಬೇಡ ಕಣೋ, ನಿನ್ನ ಕಣ್ಣಾರೆ ಸೇದಿದ್ದು ನೋಡಿದವರು ಎಷ್ಟು ಜನ, ಕ್ಲಾಸಲ್ಲಿ ಒಟ್ಟು ಎಷ್ಟು ಜನ?" ಎಂದು ಕೇಳಿ ಸುಮ್ಮನಾಗಿ. ಲೆಕ್ಕ ಅವನೇ ಮಾಡಿಕೊಳ್ಳಲಿ. ಮಾತಿಗೆ ಕೂತರೆ ಮುಂದಿನದನ್ನು ಕೇಳಿ: ದಿನವೂ ಬೇಕೆನಿಸುತ್ತದೆಯೇ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಕೈ ಅದರತ್ತ ಹೋಗುತ್ತದೆ? ಎದ್ದ ಅರ್ಧ ಗಂಟೆಯೊಳಗೆ ಎಂದರೆ ಅದು ಫ್ರೆಂಡಿನದಲ್ಲ, ರುಚಿ ನೋಡುವ ಹಂತವೂ ದಾಟಿದೆ. ಆಗ ಬೈದು ಬಿಡಿಸಲು ಹೋಗಬೇಡಿ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಅವನೇ ಕರೆ ಮಾಡಲಿ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇರುತ್ತವೆ. ಆ ವಾರ ಪರೀಕ್ಷೆ ಇಲ್ಲದಂತೆ ನೋಡಿಕೊಳ್ಳಿ.

ಬ್ಯಾಗಿನಲ್ಲಿ ಸಿಕ್ಕಿದ್ದನ್ನು ಸಿಟ್ಟಿನಲ್ಲಿ ಒಲೆಗೆ ಹಾಕಬೇಡಿ, ಒಳಗೆ ಲಿಥಿಯಂ ಬ್ಯಾಟರಿ ಇದೆ, ಸಿಡಿಯುತ್ತದೆ. ದ್ರವ ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ, ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಸುತ್ತಿ, ಹಳೆಯ ಮೊಬೈಲ್, ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯದವರಿಗೆ ಕೊಡಿ. ಮತ್ತೆ ತಮ್ಮನಿಗೆ ಫೋನ್ ಮಾಡಿದಾಗ ಹೇಳಿ, ರಜೆಗೆ ಬರುವಾಗ ಅವರದನ್ನು ಅಲ್ಲೇ ಬಿಟ್ಟು ಬರಲಿ. ದೇಶದೊಳಗೆ ತರುವುದೇ ಆಮದು. ಸಿಂಗಪುರದ ಮೇಲೆ ಬರುವುದಾದರಂತೂ ಇನ್ನೂ ಎಚ್ಚರ, ಅಲ್ಲಿ 2018ರಿಂದ ಜೇಬಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ.